ಶಾಂತತ್ತಿ ಹತ್ತದ ಹಡಗು

ಆಗ ಇಳಕಲ್ಲಿನ ನಮ್ಮ ಓಣಿಯಲ್ಲಿ ಸಮುದ್ರ ನೋಡಿದವರೆಂದರೆ ಇಬ್ಬರೋ ಮೂವರೋ. ಅವರೂ ಗೋಕರ್ಣಕ್ಕೆ ಹೋಗಿ ಮೊಣಕಾಲತನಕ ಸೀರೆ ಎತ್ತಿ ಹಿಡಿದು ದಂಡೆಯಲ್ಲಿ ನಿಂತು ಬಂದವರು. ನಾನು ಅಲ್ಲಿಯವರೆಗೆ ಕಂಡ ದೊಡ್ಡ ನೀರೆಂದರೆ ಬಾದಾಮಿಯ ಕೆರೆ. ಐಹೊಳೆಯ ಹತ್ತಿರ ಮಲಪ್ರಭೆಯನ್ನು ಬೇಸಿಗೆಯಲ್ಲಿ ಚಪ್ಪಲಿ ಕೈಯಲ್ಲಿ ಹಿಡಿದು ನಡೆದೇ ದಾಟಿದ್ದೆ. ಅಂಥ ಊರಿನಲ್ಲಿದ್ದುಕೊಂಡು, ನಾವೆಲ್ಲ ಹಡಗು ಹತ್ತಲೇಬೇಕು ಎಂದು ಹಟ ಹಿಡಿದವಳು ಶಾಂತತ್ತಿ.

ಶಾಂತತ್ತಿ ಅಪ್ಪನ ಅಕ್ಕ. ಮದುವೆಯಾದ ಎರಡನೇ ವರ್ಷಕ್ಕೇ ಗಂಡ ತೀರಿಕೊಂಡ ಮೇಲೆ ತವರಿಗೆ ಬಂದವಳು, ನಾನು ಹುಟ್ಟುವ ಮೊದಲಿನಿಂದಲೂ ನಮ್ಮ ಮನೆಯಲ್ಲೇ ಇದ್ದಳು. ನೇಕಾರರಿಗೆ ಕೊಂಡಿ ಹಾಕಿಕೊಡುತ್ತಿದ್ದಳು. ಅಂದರೆ ಇಳಕಲ್ ಸೀರೆಯ ಒಡಲಿನ ಎಳೆಗೆ ಸೆರಗಿನ ಎಳೆಯನ್ನು ಒಂದೊಂದಾಗಿ ಸಿಕ್ಕಿಸಿ ಕೂಡಿಸುವ ಕೆಲಸ. ಸಾಲೆ ಬಿಟ್ಟೊಡನೆ ನಾನು ಪಾಟಿಚೀಲ ಎಸೆದು ಅವಳ ಬಗಲಿಗೆ ಕೂರುತ್ತಿದ್ದೆ. ಅವಳ ಬೆರಳು ತಮ್ಮಷ್ಟಕ್ಕೆ ಎಳೆ ಹುಡುಕುತ್ತಿದ್ದವು, ಬಾಯಿ ಬೇರೆ ಕಡೆ ಇರುತ್ತಿತ್ತು. ಯಾವ ಗೆಳತಿ ಟೂ ಬಿಟ್ಟಳು, ಸಾಲೆಯ ಯಾವ ಅಕ್ಕೋರು ಬೈದರು, ಅವ್ವನಿಗೆ ಹೇಳದ್ದೆಲ್ಲ ನಾನು ಅತ್ತಿಗೆ ಹೇಳುತ್ತಿದ್ದೆ. ಅವಳೂ ಅಷ್ಟೇ, ತನ್ನ ಗಂಡನಿಗೆ ಮಾವಿನಹಣ್ಣು ಎಂದರೆ ಎಷ್ಟು ಹುಚ್ಚಿತ್ತು ಎಂಬಂಥ ಮಾತನ್ನೂ ನನ್ನೆದುರು ಆಡುತ್ತಿದ್ದಳು.

ಅಪ್ಪ ಹುನಗುಂದದಲ್ಲಿ ಬ್ಯಾಂಕಿನ ಕಾರಕೂನ. ಕೆಲವು ವರ್ಷಕ್ಕೊಮ್ಮೆ ಮನೆಯವರನ್ನು ಕರೆದುಕೊಂಡು ದೂರದ ಊರಿಗೆ ಹೋಗಿಬರುವ ಸವಲತ್ತು ಅವನಿಗಿತ್ತು. ಆ ಸಲ ಮೈಸೂರು ಎಂದು ಅಪ್ಪ ಹೇಳಿದ. ಅತ್ತಿ ಸೆರಗಿನೊಳಗಿಂದ ಪತ್ರಿಕೆಯ ತುಂಡೊಂದನ್ನು ತೆಗೆದು ಅವನ ಮುಂದಿಟ್ಟಳು. ಕೊಚ್ಚಿಯಿಂದ ಲಕ್ಷದ್ವೀಪಕ್ಕೆ ಐದು ದಿನದ ಹಡಗಿನ ಪ್ರವಾಸ. ಬಿಳಿ ಹಡಗಿನ ಚಿತ್ರ.

"ಅಕ್ಕಾ, ಹಡಗಂದ್ರ ಏನ ಟಾಂಗಾ ಅಂತ ತಿಳದಿ ಏನು?" ಎಂದು ಅಪ್ಪ ನಕ್ಕ.

"ಅಲ್ಲೋ ತಮ್ಮಾ, ಸಮುದ್ರ ದಂಡ್ಯಾಗ ನಿಂತು ಎಲ್ಲಾರೂ ನೋಡತಾರ. ನನಗ ನಡುವ ಹೋಗಿ ನೋಡಬೇಕು. ನಾಲ್ಕೂ ಕಡೆ ಬರೇ ನೀರಽ ಇರಬೇಕು. ಒಂದ ಸಲ."

ಅತ್ತಿ ಅಲ್ಲಿಯವರೆಗೆ ತನಗೆಂದು ಏನನ್ನೂ ಕೇಳಿದವಳಲ್ಲ. ಅದಕ್ಕೇ ಇರಬೇಕು, ಅಪ್ಪ ಒಪ್ಪಿದ.

ಅಲ್ಲಿಂದ ನಮ್ಮ ಮನೆಯಲ್ಲಿ ಎರಡು ತಿಂಗಳು ಬೇರೆ ಮಾತೇ ಇರಲಿಲ್ಲ. ಒಯ್ಯಬೇಕಾದ ಸಾಮಾನುಗಳ ಪಟ್ಟಿಯನ್ನು ಅತ್ತಿ ಹೇಳಿದಳು, ನಾನು ಬರೆದೆ. ಕಡಕ್ ರೊಟ್ಟಿ, ಅಗಸಿ ಚಟ್ನಿ, ಶೇಂಗಾ ಹೋಳಿಗೆ, ಅಮೀನಗಡದ ಕರದಂಟು, ವಾಂತಿಗೆ ನಿಂಬೆ ಉಪ್ಪಿನಕಾಯಿ. ಹಡಗು ತೂಗುತ್ತದಂತೆ ಎಂದು ಯಾರೋ ಹೇಳಿದ್ದೇ ತಡ, ಅತ್ತಿ ಹಿತ್ತಿಲ ಬೇವಿನ ಮರಕ್ಕೆ ಜೋಕಾಲಿ ಕಟ್ಟಿಸಿದಳು. ಉಂಡ ಮೇಲೆ ದಿನಾ ನನ್ನನ್ನೂ ಆರು ವರ್ಷದ ತಮ್ಮ ಮಾಂತುವನ್ನೂ ಕೂರಿಸಿ ತೂಗುತ್ತಿದ್ದಳು. ರೂಢಿಯಾಗಲಿ ಎಂದು. ಮೂರನೇ ದಿನ ಮಾಂತು ತಿಂದ ಜುಣಕವನ್ನೆಲ್ಲ ಅವಳ ಸೀರೆಯ ಮೇಲೇ ಕಾರಿದ. ಅವ್ವ ನಕ್ಕೂ ನಕ್ಕೂ ಕಟ್ಟೆಯ ಮೇಲೆ ಕುಸಿದಳು. "ನೀವ ಮೊದಲ ಕುಂದರ್ರಿ ಅಕ್ಕಾರ, ನಿಮಗ ರೂಢಿ ಬ್ಯಾಡೇನು?" ಎಂದಳು. ನಲವತ್ತೆಂಟರ ಅತ್ತಿ ಕಚ್ಚೆ ಬಿಗಿದು ಜೋಕಾಲಿ ಹತ್ತಿದಳು. ಬೇವಿನ ಹೂವು ಅವಳ ತಲೆಯ ಮೇಲೆಲ್ಲ ಉದುರುತ್ತಿತ್ತು.

ದ್ವೀಪಕ್ಕೆ ಹೋಗಲು ಪರವಾನಗಿ ಬೇಕಿತ್ತು. ಅರ್ಜಿ, ಪೊಲೀಸ್ ಠಾಣೆಯ ಕಾಗದ, ಒಬ್ಬೊಬ್ಬರದು ಎರಡೆರಡು ಫೋಟೋ. ಎಲ್ಲವನ್ನೂ ಹುಬ್ಬಳ್ಳಿಯ ಏಜಂಟರೊಬ್ಬರು ಕೂಡಿಸಿ ಕೊಚ್ಚಿಗೆ ಕಳಿಸುವವರಿದ್ದರು. ಅಪ್ಪ ಎಲ್ಲರ ಕಾಗದಗಳನ್ನು ತಾನೇ ಹೋಗಿ ಕೊಟ್ಟು ಬಂದ. ಅತ್ತಿಯ ಫೋಟೋ ಮಾತ್ರ ಉಳಿಯಿತು. ಸ್ಟುಡಿಯೋದಲ್ಲಿ ದೀಪ ಹೊಳೆದೊಡನೆ ಅವಳು ಕಣ್ಣು ಮುಚ್ಚಿಬಿಟ್ಟಿದ್ದಳು. ಎರಡನೇ ಸಲ ತೆಗೆಸಿದ್ದು ಚೆನ್ನಾಗಿ ಬಂತು, ಏನನ್ನೋ ಹೇಳಲು ಹೊರಟವಳಂತೆ ತುಟಿ ತುಸು ತೆರೆದಿತ್ತು. ಎರಡು ಪ್ರತಿಗಳನ್ನು ಲಕೋಟೆಗೆ ಹಾಕಿ, ಅಪ್ಪ ವಿಳಾಸ ಬರೆದು, ಸ್ಟಾಂಪು ಹಚ್ಚಿಟ್ಟ. ಬೆಳಿಗ್ಗೆ ಅತ್ತಿ ಅದನ್ನು ನನ್ನ ಕೈಗೆ ಕೊಟ್ಟಳು.

"ಸಾಲಿ ಹಾದ್ಯಾಗ ಡಬ್ಬಿ ಐತಲ್ಲಾ, ಅದರಾಗ ಹಾಕವ್ವಾ. ಮರೀಬ್ಯಾಡ."

ಅದು ನನ್ನ ಐದನೆಯ ಇಯತ್ತೆಯ ಕೊನೆಯ ಪರೀಕ್ಷೆಯ ದಿನ. ಹೋಗುವಾಗ ಹೊತ್ತಾಗಿದೆ ಎಂದು ಓಡಿದೆ. ಬರುವಾಗ ಗೆಳತಿಯ ಹಿತ್ತಿಲಿನಲ್ಲಿ ಹೊಸ ಹುಣಸೆಹಣ್ಣಿಗೆ ಉಪ್ಪು, ಜೀರಿಗೆ, ಬೆಲ್ಲ, ಹಸಿಮೆಣಸು ಹಾಕಿ ಚಿಗಳಿ ಕುಟ್ಟುತ್ತಿದ್ದರು. ಉಂಡೆ ಮಾಡಿ ಕಡ್ಡಿಗೆ ಚುಚ್ಚಿ ಚೀಪುತ್ತ, ಕುಂಟಾಬಿಲ್ಲೆ ಆಡುತ್ತ ಹೊತ್ತು ಇಳಿಯಿತು. ಮನೆಗೆ ಬಂದು ಪಾಟಿಚೀಲವನ್ನು ಗೂಟಕ್ಕೆ ನೇತುಹಾಕಿದೆ. ಇನ್ನು ಎರಡು ತಿಂಗಳು ಅದರ ಮುಖ ನೋಡುವ ಕೆಲಸವಿರಲಿಲ್ಲ.

"ಹಾಕಿದ್ಯೇನವ್ವಾ?" ಎಂದು ಅತ್ತಿ ಕೇಳಿದಳು.

"ಹೂಂ," ಎಂದೆ. ಸುಳ್ಳು ಹೇಳಬೇಕೆಂದು ಹೇಳಿದ್ದಲ್ಲ. ಯಾವುದನ್ನು ಕೇಳುತ್ತಿದ್ದಾಳೆಂದೇ ನನ್ನ ತಲೆಗೆ ಹೋಗಿರಲಿಲ್ಲ.

ಎಂಟು ದಿನದ ಮೇಲೆ ಬಣ್ಣದ ಪೆನ್ಸಿಲು ಹುಡುಕಲು ಚೀಲಕ್ಕೆ ಕೈ ಹಾಕಿದಾಗ ಲಕೋಟೆ ಕೈಗೆ ಬಂತು. ಏಜಂಟರು ಕಾಗದ ಕಳಿಸಲು ಇನ್ನೂ ಎರಡು ದಿನವಿತ್ತು. ಅದು ನನಗೆ ಗೊತ್ತಿತ್ತು. ಕ್ಯಾಲೆಂಡರಿನಲ್ಲಿ ಆ ತಾರೀಖಿಗೆ ಅತ್ತಿ ಪೆನ್ಸಿಲಿನಿಂದ ದುಂಡು ಹಾಕಿದ್ದಳು. ಆ ಕ್ಷಣ ಅಪ್ಪನಿಗೆ ಹೇಳಿದ್ದರೆ ಎರಡು ಏಟು ಬೀಳುತ್ತಿದ್ದವೇನೋ, ಅವನು ಮುಂದಿನ ಬಸ್ಸಿಗೇ ಹುಬ್ಬಳ್ಳಿಗೆ ಹೋಗಿ ಕೊಟ್ಟು ಬರುತ್ತಿದ್ದ. ಆದರೆ ಆ ಎಂಟು ದಿನದಲ್ಲಿ ಅತ್ತಿ ಎಷ್ಟೋ ಸಲ, "ಮುಟ್ಟಿರಬೇಕಲ್ಲಾ?" ಎಂದು ಕೇಳಿದ್ದಳು, ಆಟದ ಗುಂಗಿನಲ್ಲಿದ್ದ ನಾನು ಪ್ರತಿ ಸಲವೂ ಯೋಚಿಸದೆ ಹೂಂ ಎಂದಿದ್ದೆ. ಅಷ್ಟು ಹೂಂಗಳನ್ನು ಹಿಂದೆ ತೆಗೆದುಕೊಳ್ಳುವ ಧೈರ್ಯ ನನಗಿರಲಿಲ್ಲ. ಲಂಗದ ಮರೆಯಲ್ಲಿ ಲಕೋಟೆ ಹಿಡಿದು ಹೋಗಿ ಡಬ್ಬಿಗೆ ಹಾಕಿ ಬಂದೆ. ಒಳಗೆ ಬಿದ್ದ ಸದ್ದು ಕೇಳಿ, ಮುಗಿಯಿತು, ಇನ್ನು ನಾನು ಹೇಳಿದ್ದು ಖರೆ ಆಯಿತು ಎಂದುಕೊಂಡೆ.

ಹದಿನೈದು ದಿನದ ಮೇಲೆ ಅಪ್ಪ ಬ್ಯಾಂಕಿನಿಂದ ಬಂದವನು ಚಪ್ಪಲಿ ಕೂಡ ಬಿಡದೆ ಕಟ್ಟೆಯ ಮೇಲೆ ಕುಳಿತ. ನಾಲ್ಕು ಮಂದಿಯ ಪರವಾನಗಿ ಬಂದಿತ್ತು. ಅತ್ತಿಯ ಫೋಟೋ ತಡವಾಗಿ ಮುಟ್ಟಿದ್ದರಿಂದ ಅವಳ ಅರ್ಜಿ ಹಿಂದುಳಿದಿತ್ತು. ಹಡಗು ಹೊರಡುವುದರೊಳಗೆ ಆಗುವುದಿಲ್ಲವಂತೆ.

"ಎಲ್ಲಿ ತಪ್ಪಿತೋ ಏನೋ," ಎಂದ ಅಪ್ಪ. "ಬ್ಯಾಡ ಬಿಡಕ್ಕಾ, ಯಾರೂ ಹೋಗೂದು ಬ್ಯಾಡ."

ನಾನು ಬಾಗಿಲ ಹಿಂದೆ ನಿಂತಿದ್ದೆ. ಅತ್ತಿ ಕೈಯಲ್ಲಿದ್ದ ಎಳೆಯನ್ನು ಸಿಕ್ಕಿಸಿ ಮುಗಿಸಿದಳು. ಆಮೇಲೆ, "ಹುಚ್ಚ ಅದೀಯೇನು? ಹುಡುಗೂರು ಎಟ್ಟ ಆಸಿ ಇಟ್ಟುಕೊಂಡಾವ. ನೀವು ಹೋಗಿ ಬರ್ರಿ. ನಾ ಇನ್ನೊಂದ ಸಲ ಹೋಗ್ತೇನಿ," ಎಂದಳು. ಆಗಲಾದರೂ ನಾನು ಹೊರಗೆ ಬರಬಹುದಿತ್ತು. ಬರಲಿಲ್ಲ.

ಹೋಳಿಗೆಯನ್ನೆಲ್ಲ ಅವಳೇ ಮಾಡಿದಳು, ರೊಟ್ಟಿಯ ಗಂಟನ್ನೂ ಅವಳೇ ಕಟ್ಟಿದಳು. ಬಸ್ಸು ಹೊರಟಾಗ ಕಿಟಕಿಯ ಕೆಳಗೆ ನಿಂತು, "ಮಾಂತೂನ ಕೈ ಬಿಡಬ್ಯಾಡ ನೋಡು," ಎಂದು ನನಗೆ ಹೇಳಿದಳು.

ಹುಬ್ಬಳ್ಳಿ, ಬೆಂಗಳೂರು, ಅಲ್ಲಿಂದ ಎರ್ನಾಕುಲಂ. ಹಡಗನ್ನು ಕಂಡಾಗ ಅದು ಹಡಗೆಂದು ನನಗೆ ತಿಳಿಯಲಿಲ್ಲ, ಬಂದರಿನ ದಕ್ಕೆಯ ಮೇಲಿನ ದೊಡ್ಡ ಕಟ್ಟಡವೆಂದುಕೊಂಡೆ. ನಮ್ಮ ಕೋಣೆಯಲ್ಲಿ ಒಂದರ ಮೇಲೊಂದು ಹಾಸಿಗೆ, ತಾಟಿನಷ್ಟು ದುಂಡನೆಯ ಕಿಟಕಿ. ಎಣ್ಣೆಯ, ಬಣ್ಣದ, ಉಪ್ಪಿನ ವಾಸನೆ. ಮಾರನೆಯ ಬೆಳಿಗ್ಗೆ ಮೇಲೆ ಹೋದರೆ ಅತ್ತಿ ಹೇಳಿದ್ದೇ ಖರೆ, ನಾಲ್ಕೂ ಕಡೆ ನೀರೇ. ಬೆಳ್ಳಗಿನ ಸಣ್ಣ ಮೀನುಗಳು ನೀರಿನಿಂದೆದ್ದು ಹಾರಿ ಮತ್ತೆ ಬೀಳುತ್ತಿದ್ದವು. ದ್ವೀಪದ ಹತ್ತಿರ ಬಂದೊಡನೆ ಹಡಗು ದೂರದಲ್ಲೇ ನಿಂತಿತು. ಸಣ್ಣ ದೋಣಿ ಏಳುತ್ತ ಬೀಳುತ್ತ ಪಕ್ಕಕ್ಕೆ ಬಂತು. ಅದು ಮೇಲೆದ್ದಾಗ ನಾವಿಕರು ರಟ್ಟೆ ಹಿಡಿದು ಒಬ್ಬೊಬ್ಬರನ್ನೇ ಇಳಿಸಿದರು. ಅವ್ವ ಬಸವಣ್ಣನನ್ನು ನೆನೆದು ಕಣ್ಣು ಮುಚ್ಚಿ ಕಾಲಿಟ್ಟಳು.

ಅಲ್ಲಿನ ನೀರು ಗಾಜಿನಂತಿತ್ತು. ನನ್ನ ಕಾಲ ಬೆರಳುಗಳ ನಡುವೆ ಹಳದಿ ಮೀನು ಓಡಾಡಿದವು. ಅವ್ವ ಸೀರೆಯಲ್ಲೇ ಕುತ್ತಿಗೆತನಕ ನೀರಿನಲ್ಲಿ ಕುಳಿತು ಅಪ್ಪನ ಮುಖಕ್ಕೆ ನೀರೆರಚಿದಳು. ಅವಳು ಹಾಗೆ ಮಾಡಿದ್ದನ್ನು ನಾನು ಅದಕ್ಕಿಂತ ಮೊದಲೂ ನೋಡಿಲ್ಲ, ಆಮೇಲೂ ನೋಡಿಲ್ಲ. ಹಡಗಿನ ಮೇಲೆ ರೊಟ್ಟಿ ಬಿಚ್ಚಿದಾಗ ತಮಿಳು ಮಾತಾಡುವ ಅಜ್ಜಿಯೊಬ್ಬರು ಅಗಸಿ ಚಟ್ನಿ ನೆಕ್ಕಿ ತಲೆದೂಗಿ ಮತ್ತೆ ಕೈಯೊಡ್ಡಿದರು. ಅವ್ವ ಪ್ರತಿಯೊಂದಕ್ಕೂ, "ಅಕ್ಕಾರು ಇರಬೇಕಿತ್ತು," ಎನ್ನುತ್ತಿದ್ದಳು. ಆ ಮಾತು ಕೇಳಿದಾಗಲೆಲ್ಲ ನನ್ನ ಬಾಯಿಯಲ್ಲಿದ್ದ ಹೋಳಿಗೆ ಮಣ್ಣಾಗುತ್ತಿತ್ತು. ಮತ್ತೆ ಯಾರೋ, "ಅಲ್ಲಿ ನೋಡ್ರಿ, ಆಮೆ!" ಎನ್ನುತ್ತಿದ್ದರು, ನಾನು ಎಲ್ಲ ಮರೆತು ಓಡುತ್ತಿದ್ದೆ. ಖುಷಿಪಟ್ಟೆ, ಮನಸಾರೆ ಖುಷಿಪಟ್ಟೆ. ಅದನ್ನು ಈಗ ಹೇಳಿಕೊಳ್ಳುವುದೇ ಕಷ್ಟ.

ನಾವು ತಿರುಗಿ ಬಂದ ದಿನ ಅತ್ತಿ ಎಳೆಗಳನ್ನು ಬದಿಗಿಟ್ಟು ಕಾಲು ಚಾಚಿ ಕಾಯುತ್ತ ಕುಳಿತಿದ್ದಳು. "ಬಾ, ಹೆಂಗಿತ್ತ ಹೇಳು," ಎಂದು ಪಕ್ಕದ ನೆಲವನ್ನು ಕೈಯಿಂದ ತಟ್ಟಿದಳು. ನಾನು ಅವಳ ಮುಖ ನೋಡಲಾರದೆ, "ಚಂದ ಇತ್ತು," ಎಂದು ಹೊರಗೆ ಓಡಿದೆ. ಮಾಂತು ಅವಳ ತೊಡೆಯ ಮೇಲೆ ಕುಳಿತು ತಿಮಿಂಗಿಲದ ಜೊತೆ ತಾನು ಮಾತಾಡಿದ ಕತೆ ಹೇಳಿದನಂತೆ.

ಆಮೇಲೆ ನಾನು ಅವಳ ಬಗಲಿಗೆ ಕೂರಲಿಲ್ಲ. ಇವತ್ತು ಅಭ್ಯಾಸ ಬಹಳ ಇದೆ, ನಾಳೆ ಗೆಳತಿಯ ಮನೆಗೆ ಹೋಗಬೇಕು ಎನ್ನುತ್ತ ದಿನ ಕಳೆದೆ. ಕೆಲವು ತಿಂಗಳು ಅವಳು ಕರೆದಳು, ಆಮೇಲೆ ಕರೆಯುವುದನ್ನು ಬಿಟ್ಟಳು. ನಾನು ಹೈಸ್ಕೂಲು ಮುಗಿಸಿದೆ, ಬಾಗಲಕೋಟೆಯ ಹಾಸ್ಟೆಲಿಗೆ ಹೋದೆ, ಅಲ್ಲೇ ಔಷಧಿ ಅಂಗಡಿಯವರ ಮನೆಗೆ ಸೊಸೆಯಾದೆ. ಹಬ್ಬಕ್ಕೆ ಬಂದಾಗ ಅತ್ತಿಯ ಕಾಲಿಗೆ ನಮಸ್ಕರಿಸುತ್ತಿದ್ದೆ. "ಆರಾಮ ಇದ್ದೀ?" ಎನ್ನುತ್ತಿದ್ದಳು. "ಆರಾಮ ಅತ್ತಿ," ಎನ್ನುತ್ತಿದ್ದೆ. ಅಷ್ಟೇ.

ಹೋದ ತಿಂಗಳು ನನ್ನ ಮಗಳು ಮುಂಬೈಯಿಂದ ಹೊರಡುವ ಹಡಗಿನ ಚಿತ್ರಗಳನ್ನು ಫೋನಿನಲ್ಲಿ ತೋರಿಸಿ, ದೀಪಾವಳಿ ರಜೆಗೆ ಹೋಗೋಣ ಎಂದಳು. ನಾನು ಮರುದಿನವೇ ಇಳಕಲ್ಲಿಗೆ ಹೋದೆ. ಮಾಂತುವಿನ ಹೆಂಡತಿ ಚಹಾ ಕೊಟ್ಟು ಒಳಗೆ ಹೋದಳು. ಎಪ್ಪತ್ತು ದಾಟಿದ ಅತ್ತಿ ಮೊಣಕಾಲಿಗೆ ಎಣ್ಣೆ ತಿಕ್ಕಿಕೊಳ್ಳುತ್ತ ಕುಳಿತಿದ್ದಳು.

"ಅತ್ತಿ, ನಮ್ಮ ಜೋಡಿ ಹಡಗಕ್ಕ ಬರ್ತೀಯೇನು?"

ಅವಳು ನಕ್ಕಳು. "ಹಿತ್ತಲಕ್ಕ ಹೋಗಿ ಬರೂದಽ ನನಗ ಈಗ ಹಡಗ ಹತ್ತಿದಂಗ ಆಗೇತಿ."

ಆಗ ಹೇಳಿದೆ. ಲಕೋಟೆ, ಚಿಗಳಿ, ಎಂಟು ದಿನ, ಲಂಗದ ಮರೆ, ಬಾಗಿಲ ಹಿಂದೆ ನಿಂತದ್ದು. ಹೇಳುವಾಗ ನನ್ನ ದನಿ ಐದನೆಯ ಇಯತ್ತೆಯ ಹುಡುಗಿಯದೇ ಆಗಿತ್ತು. "ನೀ ಬರಲಾರದ್ದು ನನ್ನಿಂದ ಅತ್ತಿ."

ಅತ್ತಿಯ ಕೈ ಮೊಣಕಾಲ ಮೇಲೆ ನಿಂತಿತು. ಹಡಗಿನ ಮಾತನ್ನೇ ಅವಳು ಎತ್ತಲಿಲ್ಲ.

"ಅದಕ್ಕಽ ಏನು ನೀ ನನ್ನ ಬಗಲಾಗ ಕುಂದರೂದು ಬಿಟ್ಟಿದ್ದು?"

"ಹೂಂ."

"ಅಯ್ಯ ನನ್ನವ್ವಾ. ನಾ ಏನ ತಿಳಕೊಂಡಿದ್ದೆ ಗೊತ್ತೈತೇನು? ದೊಡ್ಡ ಮಂದೀ ಜೋಡಿ ಹಡಗದಾಗ ತಿರುಗ್ಯಾಡಿ ಬಂದಾಳ, ಈ ಎಳಿ ಕೂಡಸೂ ಅತ್ತಿ ಈಗ ಇಕಿಗೆ ಬ್ಯಾಡ ಆಗ್ಯಾಳ ಅಂತ. ಅದಕ್ಕಽ ನಾನೂ ಕರಿಯೂದು ಬಿಟ್ಟೆ." ಸೆರಗಿನಿಂದ ಮೂಗು ಒರೆಸಿಕೊಂಡಳು. "ಅವತ್ತ ಹೇಳಿದ್ರ ಎರಡ ಮಾತ ಬೈತಿದ್ದೆ. ಮುಗೀತಿತ್ತು."

ಹಡಗು ತಪ್ಪಿಸಿದ ಪಾಪವೊಂದನ್ನೇ ಇಷ್ಟು ವರ್ಷ ಹೊತ್ತುಕೊಂಡು ತಿರುಗಿದ್ದೆ. ಅವಳು ನನ್ನ ಅಸಡ್ಡೆಯನ್ನು ಹೊತ್ತುಕೊಂಡು ಕುಳಿತಿದ್ದಳೆಂದು ಕನಸಿನಲ್ಲೂ ಎಣಿಸಿರಲಿಲ್ಲ. ಆ ಬೇಸಿಗೆಯ ನಂತರ ಆರೇಳು ವರ್ಷ ನಾವು ಒಂದೇ ಮನೆಯಲ್ಲಿದ್ದೆವು, ಒಂದೇ ಒಲೆಯ ರೊಟ್ಟಿ ತಿಂದೆವು. ನಾನು ದೊಡ್ಡವಳಾದಾಗಿನ ಹೆದರಿಕೆಗಳನ್ನು ಅವಳಿಗೆ ಹೇಳಲಿಲ್ಲ. ಅವಳು ಆ ಸಂಜೆಗಳಲ್ಲಿ ಎಳೆ ಕೂಡಿಸುತ್ತ ಏನನ್ನು ನೆನೆದು ನಕ್ಕಳೋ, ಯಾವುದಕ್ಕೆ ಕಣ್ಣೊರೆಸಿಕೊಂಡಳೋ ನನಗೆ ಗೊತ್ತಿಲ್ಲ. ಈಗ ಕೇಳಿದರೆ ಅವಳಿಗೂ ನೆನಪಿಲ್ಲ.