ರಾಯಪುರಂನಲ್ಲಿ ಅತ್ತೆಯ ಹೆಸರು ಬರೆಸಿದ ದಿನ

ಚೆನ್ನೈನಲ್ಲಿ ಮನೆ ನೋಡಲು ಹೋದ ದಿನ ಮಾಲಕಿ ಕೇಳಿದ ಮೊದಲ ಪ್ರಶ್ನೆ ಎಷ್ಟು ಜನ ಇರುತ್ತೀರಿ ಎಂದಲ್ಲ, ಎಲ್ಲಿ ಕೆಲಸ ಎಂದೂ ಅಲ್ಲ. ಗೇಟಿನ ಚಿಲಕ ಹಿಡಿದುಕೊಂಡೇ ಕೇಳಿದರು: “ನೀಂಗ ರಟ್ಚಿಕ್ಕಪ್ಪಟ್ಟವಂಗಳಾ? ಎಂದ ವರುಷಂ?”

ನೀವು ಯೇಸುವನ್ನು ನಂಬಿ ರಕ್ಷಣೆ ಹೊಂದಿದವರೇ, ಹೊಂದಿದ್ದರೆ ಯಾವ ವರ್ಷ, ಎಂದು ಅರ್ಥ. ಗದಗ-ಬೆಟಗೇರಿಯಲ್ಲಿ ನಾವು ನಾಲ್ಕು ತಲೆಮಾರಿನ ಕ್ರೈಸ್ತರು. ಅಜ್ಜಂದಿರು ಹಳೆಯ ಮಿಶನ್ನಿನ ಮಗ್ಗದಲ್ಲಿ ನೇಯ್ದವರು. ಇಷ್ಟು ವರ್ಷದಲ್ಲಿ ಒಬ್ಬರೂ ನಮ್ಮನ್ನು ತಾರೀಖು ಕೇಳಿರಲಿಲ್ಲ. ನಮ್ಮ ಯಜಮಾನರು ಗಾಬರಿಯಾಗಿ ತಾವು ಹುಟ್ಟಿದ ವರ್ಷ ಹೇಳಿಬಿಟ್ಟರು. ಮಾಲಕಿ ಹುಬ್ಬೇರಿಸಿ, “ಅವ್ವಳವು ಚಿನ್ನ ವಯಸ್ಸುಲೇಯಾ?” ಎಂದರು. ಅಷ್ಟು ಚಿಕ್ಕ ವಯಸ್ಸಿಗೇ? ಅಂತೂ ಮನೆ ಸಿಕ್ಕಿತು.

ಆ ಮಾಲಕಿ ಸ್ಟೆಲ್ಲಾ ಅಕ್ಕ. ಮೇಲಿನ ಮಹಡಿಯಲ್ಲಿ ಒಬ್ಬರೇ ಇರುತ್ತಾರೆ. ಕಿವಿಯಲ್ಲಿ ಓಲೆ ಇಲ್ಲ, ಕೈಯಲ್ಲಿ ಬಳೆ ಇಲ್ಲ, ಅವರ ಸಭೆಯಲ್ಲಿ ಒಡವೆ ಕೂಡದು. ದೊಡ್ಡವರಾದ ಮೇಲೆ ನೀರಿನಲ್ಲಿ ಪೂರ್ತಿ ಮುಳುಗಿ ಎದ್ದರೆ ಮಾತ್ರ ಅವರ ಲೆಕ್ಕದಲ್ಲಿ ಅದು ಜ್ಞಾನಸ್ನಾನ. ನಾವು ದೀಕ್ಷಾಸ್ನಾನ ಎನ್ನುತ್ತೇವಲ್ಲ, ಅದಕ್ಕೆ ಇಲ್ಲಿನ ಹೆಸರು. ಹಸುಗೂಸಾಗಿದ್ದಾಗ ಹಣೆಗೆ ನೀರು ಹಾಕಿಸಿಕೊಂಡ ನಾವು ಅವರ ಪ್ರಕಾರ ಇನ್ನೂ ಒಣಗಿಯೇ ಇದ್ದೇವೆ. ನನ್ನ ತಾಳಿ ಕಂಡಾಗಲೆಲ್ಲ ಒಂದು ನಿಟ್ಟುಸಿರು ಬಿಡುತ್ತಾರೆ. ಬಿಟ್ಟ ಮೇಲೆ ಒಂದು ಬಟ್ಟಲು ಮೀನಿನ ಸಾರು ಕೊಟ್ಟು ಹೋಗುತ್ತಾರೆ. ಇಂಥವರ ಮೇಲೆ ಸಿಟ್ಟು ಮಾಡುವುದು ಹೇಗೆ ಹೇಳಿ?

ಆದರೂ ಸಿಟ್ಟು ಬರುತ್ತದೆ. ಇಲ್ಲಿ ಏನಾದರೂ ಅದು ಕರ್ತರ್ ಚಿತ್ತಂ, ದೇವರ ಚಿತ್ತ. ನೀರಿನ ಲಾರಿ ಬರದಿದ್ದರೆ ದೇವರ ಚಿತ್ತ. ಮೋಟಾರು ಸುಟ್ಟರೆ ದೇವರ ಚಿತ್ತ. ಆರು ಪ್ಲಾಸ್ಟಿಕ್ ಕೊಡಗಳನ್ನು ಓಣಿಯ ತುದಿಯಿಂದ ನಾನೊಬ್ಬಳೇ ಹೊತ್ತು ತರುವಾಗ, ಮೇಲಿನ ಕಿಟಕಿಯಿಂದ ಸ್ಟೆಲ್ಲಾ ಅಕ್ಕ ಕೂಗಿ ಹೇಳುತ್ತಾರೆ: “ಕರ್ತರ್ ನಿನ್ನನ್ನು ಒಂದು ಉದ್ದೇಶಕ್ಕೇ ಇಲ್ಲಿಗೆ ತಂದಿದ್ದಾರೆ ಸುಗುಣಾ!” ಉದ್ದೇಶ ನನಗೂ ಗೊತ್ತು. ಯಜಮಾನರ ಕಂಪನಿಯ ಹುಬ್ಬಳ್ಳಿ ಗೋದಾಮು ಮುಚ್ಚಿತು, ಬಂದರಿನ ಗೋದಾಮಿಗೆ ವರ್ಗವಾಯಿತು. ಇದರಲ್ಲಿ ದೇವರ ಕೈಗಿಂತ ಸಾಹೇಬರ ಸಹಿಯೇ ನನಗೆ ಸ್ಪಷ್ಟವಾಗಿ ಕಂಡಿತ್ತು.

ಊರಿನಲ್ಲಿ ಬೆವರು ಬಂದರೆ ಗಾಳಿಗೆ ಆರುತ್ತದೆ. ಇಲ್ಲಿ ಸ್ನಾನ ಮಾಡಿ ಮೈ ಒರೆಸಿಕೊಳ್ಳುವಷ್ಟರಲ್ಲಿ ಮತ್ತೆ ಒದ್ದೆ. ಅಲ್ಲಿ ಉಪ್ಪು ಡಬ್ಬಿಯಲ್ಲಿ ಪುಡಿಯಾಗಿರುತ್ತದೆ, ಇಲ್ಲಿ ನೀರೊಡೆದು ಕೂಡುತ್ತದೆ. ಜೋಳದ ಹಿಟ್ಟಿಗಾಗಿ ಎರಡು ತಿಂಗಳು ಅಲೆದೆ. ಕೊನೆಗೆ ಪ್ಯಾರೀಸ್ ಕಾರ್ನರ್‌ನ ಸಗಟು ಅಂಗಡಿಗಳ ಒಂದು ಸಂದಿಯಲ್ಲಿ ಬಿಳಿಜೋಳ ಸಿಕ್ಕಿತು. ಅಂಗಡಿಯವನು “ಯಾರುಕ್ಕು, ಪುರಾವುಕ್ಕಾ?” ಎಂದ. ಪಾರಿವಾಳಕ್ಕಾ ಅಂತ! ನಾವೇ ತಿನ್ನುವುದು ಎಂದೆ. ಅವನು ಅಳತೆ ಮುಗಿಯುವ ತನಕ ನನ್ನನ್ನೇ ನೋಡಿದ. ಅಂದು ಮನೆಗೆ ಬಂದು ನಾಲ್ಕು ರೊಟ್ಟಿ ಬಡಿದೆ. ಅತ್ತೆ ಒಂದು ತುಂಡು ಮುರಿದು ಬಾಯಿಗಿಟ್ಟುಕೊಂಡು, “ಮೆತ್ತಗಾಗ್ಯಾವು,” ಎಂದರು. ನನ್ನ ಗೆಲುವು ಅಲ್ಲಿಗೆ ಮುಗಿಯಿತು.

ನಾನು ಬರೆಯಬೇಕೆಂದಿರುವುದು ಈ ಅತ್ತೆಯ ವಿಷಯವನ್ನೇ.

ಎಪ್ಪತ್ತೊಂಬತ್ತು ವಯಸ್ಸು. ಮೊಣಕಾಲು ನೋವು, ಆಗಾಗ ತಲೆ ತಿರುಗುವುದು. ಇಲ್ಲಿಗೆ ಬಂದ ಮೇಲೆ ಎಂಟು ತಿಂಗಳು ಅವರು ಕರ್ತನ ಭೋಜನ, ಅಂದರೆ ಸಭೆಯ ಮೇಜಿನಲ್ಲಿ ಕೊಡುವ ರೊಟ್ಟಿ, ದ್ರಾಕ್ಷಾರಸ, ತೆಗೆದುಕೊಂಡಿರಲಿಲ್ಲ. ಓಣಿಯಾಚೆಗಿನ ತಮಿಳು ಸಭೆ ನಮ್ಮ ಮಿಶನ್ ಸಭೆಯಂಥದ್ದೇ, ಅದೇ ಆರಾಧನೆ, ಅದೇ ಮೇಜು. ಮೊದಲೆರಡು ಸಲ ಬಂದರು. ಬೆಂಚಿನವರೆಲ್ಲ ಎದ್ದು ಮೇಜಿನ ಕಡೆ ನಡೆದಾಗ ಇವರು ಮಾತ್ರ ಕೈಕಟ್ಟಿ ಕೂತೇ ಇದ್ದರು. ಮನೆಗೆ ಬಂದು ಕೇಳಿದರೆ, “ತಿಳೀದ ಮಾತಿಗೆ ಆಮೆನ್ ಅಂದ್ರ ಸುಳ್ಳ ಸಾಕ್ಷಿ ಆಗತೈತಿ,” ಎಂದರು. ಆಮೇಲೆ ಹೋಗುವುದನ್ನೇ ಬಿಟ್ಟರು. ಕಳೆದ ತಿಂಗಳು ಬಚ್ಚಲ ಬಾಗಿಲಲ್ಲಿ ತಲೆ ತಿರುಗಿ ಕುಸಿದರು. ಎಬ್ಬಿಸಿ ಕೂರಿಸಿದಾಗ ಅವರ ಕಣ್ಣಲ್ಲಿ ನೀರಿತ್ತು. “ಭೋಜನಾ ಇಲ್ಲದ ಹಿಂಗs ಹೋಗಿಬಿಟ್ರ ಕರ್ತಗ ಏನ್ ಮಾರಿ ತೋರಿಸ್ಲಿ ಸುಗುಣಾ?”

“ತಗೋರಿ ಅಂದ್ರ ಒಲ್ಲೆ ಅಂತೀರಿ. ತಗೊಳ್ಳಿಲ್ಲಂತ ಅಳ್ತೀರಿ. ನಾ ಏನ್ ಮಾಡ್ಲಿ ಅತ್ತಿ?” ಎಂದೆ. ದನಿ ಏರಿತ್ತು, ಒಪ್ಪುತ್ತೇನೆ.

ಕಾರಣ ಭಾಷೆಯೊಂದೇ ಅಲ್ಲ ಎಂದು ಇಬ್ಬರಿಗೂ ಗೊತ್ತಿತ್ತು. ಬೆಟಗೇರಿಯ ನಮ್ಮ ಸ್ಮಶಾನದಲ್ಲಿ ಮಾವನವರ ಗೋರಿಯ ಮಗ್ಗುಲಿಗೆ ಒಂದು ಜಾಗ ಅತ್ತೆಗೆಂದೇ ಇತ್ತು. ನಾವು ಸಾಮಾನು ಕಟ್ಟುತ್ತಿದ್ದ ವಾರ ನೆರೆಯ ಮನೆಯ ಮಗಳೊಬ್ಬಳು ಹೆರಿಗೆಯಲ್ಲಿ ತೀರಿಕೊಂಡಳು. ಸ್ಮಶಾನದಲ್ಲಿ ಬೇರೆ ಜಾಗವಿಲ್ಲ. ಸಭೆಯ ಹಿರಿಯರು ಬಂದು, ನೀವು ಹೊರಟವರು, ಆ ಜಾಗ ಬಿಡುತ್ತೀರಾ ಎಂದು ಕೇಳಿದರು. ಯಜಮಾನರು “ನಿನಗ ತಿಳಿದಂಗ ಮಾಡು” ಎಂದು ಹಗ್ಗ ಬಿಗಿಯುವುದರಲ್ಲಿ ತೊಡಗಿದರು. ಅತ್ತೆ ಒಳಗೆ ಮಲಗಿದ್ದರು. ನಾನು ಹೂಂ ಎಂದೆ. ಅತ್ತೆಗೆ ಗೊತ್ತಾದದ್ದು ಮಣ್ಣಿಗೆ ಹೋದಾಗ, ಅಗೆದ ಕುಣಿಯನ್ನು ಕಂಡು. ಅಲ್ಲಿ ಒಂದು ಮಾತೂ ಆಡಲಿಲ್ಲ. ಚೆನ್ನೈಗೆ ಬಂದ ಮೇಲೂ ಆಡಲಿಲ್ಲ. ರೊಟ್ಟಿ ಮೆತ್ತಗಾಯಿತು, ಚಹಾ ತಣ್ಣಗಾಯಿತು, ದಿಂಬು ಗಟ್ಟಿಯಾಯಿತು ಎಂದರು, ಅದನ್ನು ಮಾತ್ರ ಅನ್ನಲಿಲ್ಲ.

ಬಚ್ಚಲ ಬಾಗಿಲಲ್ಲಿ ಬಿದ್ದ ಮೇಲೆ ನಾನೇ ಸಭಾಪಾಲಕರ ಹತ್ತಿರ ಹೋದೆ. ಕಾಯಿಲೆಯವರಿಗೆ ಭೋಜನವನ್ನು ಮನೆಗೇ ತಂದುಕೊಡುತ್ತಾರೆ. ಶನಿವಾರ ಬರುತ್ತೇನೆ ಎಂದರು. ಇಲ್ಲಿಯ ನಮ್ಮವರು ಸಭಾಪಾಲಕರನ್ನು ‘ಅಯ್ಯರ್’ ಎನ್ನುತ್ತಾರೆ. ಮನೆಗೆ ಬಂದು ಅಯ್ಯರ್ ಬರ್ತಾರ ಎಂದೆ. “ಬ್ರಾಹ್ಮಣ್ರ ಯಾಕ ಬರ್ತಾರ ನಮ್ಮನಿಗೆ?” ಎಂದು ಅತ್ತೆ ಎದ್ದು ಕೂತರು. ಬಿಡಿಸಿ ಹೇಳಿದ ಮೇಲೆ ಒಪ್ಪಿದರು, ಆದರೆ ಒಂದು ಷರತ್ತು. ನಮ್ಮಲ್ಲಿ ಭೋಜನದ ಹಿಂದಿನ ದಿನ ಹೆಸರು ಬರೆಸುವ ಪದ್ಧತಿ ಇದೆಯಲ್ಲ? ಪಾದ್ರಿಗಳು ಪಡಸಾಲೆಯಲ್ಲಿ ಪುಸ್ತಕ ಇಟ್ಟುಕೊಂಡು ಕೂಡುತ್ತಾರೆ. ಯಾರ ಜೊತೆಗಾದರೂ ಮನಸ್ತಾಪ ಇದೆಯೇ ಎಂದು ಒಬ್ಬೊಬ್ಬರನ್ನೂ ಕೇಳಿ, ಇದ್ದರೆ ಹೋಗಿ ಸರಿಮಾಡಿಕೊಂಡು ಬನ್ನಿ ಎಂದು ಕಳಿಸಿ, ಇಲ್ಲದಿದ್ದರೆ ಹೆಸರು ಬರೆದುಕೊಳ್ಳುತ್ತಾರೆ. “ಹಂಗs ಕೇಳಬೇಕು. ಕೇಳದ ನಾ ಕೈ ಚಾಚಂಗಿಲ್ಲ,” ಎಂದರು ಅತ್ತೆ. ಇಲ್ಲಿ ಆ ಪದ್ಧತಿ ಇಲ್ಲ. ಆದರೂ ಅಯ್ಯರಿಗೆ ಹೇಳಿದೆ. ಒಳ್ಳೆಯ ಪದ್ಧತಿ, ಕೇಳೋಣ ಎಂದರು ಪುಣ್ಯಾತ್ಮರು.

ಶನಿವಾರ ಬೆಳಿಗ್ಗೆ ಹತ್ತಕ್ಕೆ ಅಯ್ಯರ್ ಭೋಜನದ ಚಿಕ್ಕ ಪೆಟ್ಟಿಗೆ ಹಿಡಿದು ಬಂದರು. ಯಜಮಾನರು ಬಂದರಿನಲ್ಲಿದ್ದರು. ಸ್ಟೆಲ್ಲಾ ಅಕ್ಕ ಕೆಳಗಿಳಿದು, ಇದು ಸರಿಯಾದ ಭೋಜನ ಅಲ್ಲ ಎಂಬ ಮುಖ ಮಾಡಿಕೊಂಡು, ತಲೆಗೆ ಸೆರಗು ಹೊದ್ದು ಬಾಗಿಲ ಬಳಿ ಕೂತರು. ಅಯ್ಯರ್ ಸ್ಟೂಲಿನ ಮೇಲೆ ಕೂತು ಪೆಟ್ಟಿಗೆಯನ್ನು ಮಡಿಲಲ್ಲಿಟ್ಟುಕೊಂಡು ಕೇಳಿದರು: “ಪಾಟ್ಟಿಮ್ಮಾ, ಯಾರ್ ಮೇಲೆಯಾವದು ಕಸಪ್ಪು ಇರುಕ್ಕಾ?” ಕಸಪ್ಪು ಎಂದರೆ ಕಹಿ. ಆ ಕೋಣೆಯಲ್ಲಿ ಎರಡೂ ಭಾಷೆ ಬಲ್ಲವಳು ನಾನೊಬ್ಬಳೇ. ನನ್ನದೂ ಎಂಟು ತಿಂಗಳ ತಮಿಳು.

“ಯಾರ ಮ್ಯಾಲರೆ ಕಹಿ ಐತೇನಂತ ಕೇಳಾಕತ್ತಾರ್ರಿ ಅತ್ತಿ.”

ಅತ್ತೆ ನನ್ನನ್ನು ನೋಡಲಿಲ್ಲ. ಪೆಟ್ಟಿಗೆಯನ್ನು ನೋಡುತ್ತ ಹೇಳಿದರು. “ಐತಿ. ಈಕಿ ಮ್ಯಾಲ. ನನ್ನ ಮಣ್ಣಿನ ಜಾಗಾ ಮಂದಿಗೆ ಕೊಟ್ಲು.”

“ಎನ್ನ ಸೊಲ್ರಾಂಗ?” ಎಂದರು ಸ್ಟೆಲ್ಲಾ ಅಕ್ಕ. ಏನಂತಾರೆ?

‘ಇಲ್ಲೈ’ ಎಂಬ ಒಂದು ಮಾತು ಸಾಕಿತ್ತು. ಕಹಿ ಏನೂ ಇಲ್ಲವಂತೆ ಎಂದುಬಿಟ್ಟರೆ ಪೆಟ್ಟಿಗೆ ತೆರೆಯುತ್ತಿತ್ತು, ಅತ್ತೆಗೆ ಭೋಜನ ಸಿಗುತ್ತಿತ್ತು, ಯಾರಿಗೂ ತಿಳಿಯುತ್ತಿರಲಿಲ್ಲ. ನಾಲಗೆಯ ತುದಿಗೆ ಬಂದಿತ್ತು ಕೂಡ. ಅದರ ಹಿಂದೆಯೇ ಬೇರೆ ಮಾತುಗಳೂ ನೂಕುತ್ತಿದ್ದವು. ಇವರ ಕಾಲಿನ ಉಗುರು ಕತ್ತರಿಸುವವಳು ಯಾರು? ಹೇನು ಹೆಕ್ಕುವವಳು ಯಾರು? ಹೆರಿಗೆಯಲ್ಲಿ ಸತ್ತ ಹುಡುಗಿಯನ್ನು ರಸ್ತೆಯಲ್ಲಿ ಇಡಬೇಕಿತ್ತೇ? ದೇವರೇ, ನಿನ್ನ ಉದ್ದೇಶ ಇದೇ ಆಗಿದ್ದರೆ, ನನ್ನ ಮೇಲಿನ ದೂರನ್ನು ನಾನೇ ತಮಿಳಿನಲ್ಲಿ ಹೇಳಬೇಕೆಂದು ಇಷ್ಟು ದೂರ ಕರೆತಂದೆಯಾ? ನಿಜ ಹೇಳುತ್ತೇನೆ, ಆಗ ನನ್ನಲ್ಲಿದ್ದದ್ದು ಭಕ್ತಿಯಲ್ಲ, ರೋಸಿಹೋದ ಮನಸ್ಸು.

ಆದರೆ ಆ ಮುದುಕಿ ಎಂಟು ತಿಂಗಳು ಹಸಿದಿದ್ದದ್ದು ಸುಳ್ಳು ಹೇಳಲಾರದೆ. ನಾನು ಸುಳ್ಳು ಹೇಳಿ ಉಣಿಸಿದರೆ ಅದನ್ನು ಊಟ ಎನ್ನಲಾದೀತೇ?

“ಎನ್ ಮೇಲೆ ಇರುಕ್ಕು, ಅಯ್ಯಾ,” ಎಂದೆ. ನನ್ನ ಮೇಲೆ ಇದೆ. ಆಮೇಲೆ ಮಾವನವರ ಸಮಾಧಿ, ಪಕ್ಕದ ಜಾಗ, ನಾನು ಕೊಟ್ಟದ್ದು, ಎಲ್ಲವನ್ನೂ ಮುರುಕು ತಮಿಳಿನಲ್ಲಿ, ಕೈ ಆಡಿಸುತ್ತ ಹೇಳಿದೆ.

ಸ್ಟೆಲ್ಲಾ ಅಕ್ಕ ಈ ಸಲ ದೇವರ ಚಿತ್ತ ಎನ್ನಲಿಲ್ಲ. “ಅಯ್ಯೋ, ಏಂಡೀ ಕುಡುತ್ತೇ?” ಎಂದು ನನ್ನನ್ನೇ ಗದರಿಸಿದರು. ಯಾಕೆ ಕೊಟ್ಟೆಯೇ! ಅಯ್ಯರ್ ಪೆಟ್ಟಿಗೆಯ ಮೇಲೆ ಕೈಯಿಟ್ಟು, ನೀವಿಬ್ಬರೂ ಮಾತಾಡಿಕೊಳ್ಳಿ, ಬೇರೆ ದಿನ ಬರುತ್ತೇನೆ ಎಂದು ಅರ್ಧ ಎದ್ದರು. ಅತ್ತೆಗೆ ತಮಿಳು ತಿಳಿಯದಿದ್ದರೂ ಅದು ತಿಳಿಯಿತು.

ನಾನು ಮಂಚದ ಬುಡಕ್ಕೆ ಕೂತೆ. “ಆ ಹುಡುಗಿಗೆ ಜಾಗಾ ಇರ್ಲಿಲ್ರಿ ಅತ್ತಿ. ಅದಕ್ಕ…”

“ಕೊಟ್ಟಿದ್ದಕ್ಕ ಯಾರು ಅಂದ್ರು? ಆ ಹುಡುಗೀನ ನಾ ಎತ್ತಿ ಆಡಿಸೀನಿ. ನನ್ನ ಕೇಳಿದ್ರ ನಾನೂ ಕೊಡ್ತಿದ್ದೆ.” ಈಗ ಮೊದಲ ಸಲ ನನ್ನ ಮುಖ ನೋಡಿದರು. “ನೀ ಕೇಳಲಿಲ್ಲ. ನಾ ಬದುಕೇ ಇದ್ದೆ, ಒಂದು ಖೋಲಿ ಆಚೀಗೆ.”

“ತಪ್ಪಾತ್ರಿ,” ಎಂದೆ.

ಹೊರಗೆ ಮೀನಿನವಳು ಕೂಗಿಕೊಂಡು ಹೋದಳು. ಆಮೇಲೆ ಅತ್ತೆ, “ಪಾದ್ರಿಗೋಳಿಗೆ ಕೂಡ್ರಿ ಅನ್ನು. ನಿಂತs ಬಿಟ್ಟಾರ ಪಾಪ. ಹೆಸರ ಬರ್ಕೋರಿ ಅನ್ನು,” ಎಂದರು.

ಅಯ್ಯರ್ ಜೇಬಿನ ಡೈರಿ ತೆಗೆದು ತಮಿಳಿನಲ್ಲಿ ಹೆಸರು ಬರೆದುಕೊಂಡರು. ಅತ್ತೆ ಬಗ್ಗಿ ನೋಡಿ, “ನಂದs ಹೆಸರು ಹೌದಲ್ಲ?” ಎಂದು ನನ್ನನ್ನು ಕೇಳಿದರು. ನನಗೂ ಆ ಅಕ್ಷರ ಬಾರದು. ಹೌದ್ರಿ ಎಂದೆ. ಇಡೀ ಆರಾಧನೆ ತಮಿಳಿನಲ್ಲೇ ನಡೆಯಿತು. ಇಲ್ಲಿ ‘ಅಪ್ಪಂ’ ಎನ್ನುವ ಆ ಚೂರು ರೊಟ್ಟಿಯನ್ನು ಎರಡೂ ಕೈಯಲ್ಲಿ ತೆಗೆದುಕೊಂಡು ಅತ್ತೆ ಗಟ್ಟಿಯಾಗಿ ಆಮೆನ್ ಎಂದರು. ಬಾಗಿಲ ಬಳಿಯಿಂದ ಸ್ಟೆಲ್ಲಾ ಅಕ್ಕನ ಆಮೆನ್ ಕೂಡ ಕೇಳಿಸಿತು. ಆಮೇಲೆ ಅವರು ಅದನ್ನು ಒಪ್ಪಿಕೊಳ್ಳಲಿಲ್ಲ, ಕೆಮ್ಮು ಬಂತು ಎಂದರು.

“ತಿಳೀದ ಮಾತಿಗೆ ಆಮೆನ್ ಅಂದ್ರೆಲ್ರೀ ಅತ್ತಿ?” ಎಂದು ಮಧ್ಯಾಹ್ನ ಕೆಣಕಿದೆ.

“ಮಾತು ತಿಳೀಲಿಲ್ಲ. ರೊಟ್ಟಿ ತಿಳೀತು,” ಎಂದರು.

ಮರುದಿನ ಸ್ಟೆಲ್ಲಾ ಅಕ್ಕ ಮೆಟ್ಟಿಲ ಮೇಲೆ ನಿಂತು, ಇದಕ್ಕಾಗಿಯೇ ಕರ್ತರ್ ನಿಮ್ಮನ್ನು ಇಲ್ಲಿಗೆ ತಂದದ್ದು ಎಂದು ತೀರ್ಪು ಕೊಟ್ಟರು. ಇರಬಹುದು. ಇದನ್ನೇ ಬೆಟಗೇರಿಯಲ್ಲಿ, ಒಣ ಗಾಳಿಯಲ್ಲಿ, ನಳದ ನೀರಿರುವ ಮನೆಯಲ್ಲಿ ಮಾಡಿಸಲು ದೇವರಿಗೆ ಏನು ಅಡ್ಡಿಯಾಗಿತ್ತು ಎಂಬುದು ಮಾತ್ರ ನನಗೆ ತಿಳಿಯದು. ಉದ್ದೇಶದ ವಿಷಯ ನನ್ನನ್ನು ಕೇಳಬೇಡಿ. ಕರುಣೆಯನ್ನು ಆ ಶನಿವಾರ ಕಣ್ಣಾರೆ ಕಂಡೆ, ಅಷ್ಟೇ. ಅದೂ ಬಯ್ಯುತ್ತಲೇ ಬಂತು.

ಹೋದ ವಾರ ಅತ್ತೆ ಇಲ್ಲಿಯ ಸ್ಮಶಾನ ನೋಡಬೇಕೆಂದರು. ಆಟೋದಲ್ಲಿ ಕರೆದುಕೊಂಡು ಹೋದೆ. ಗೋರಿಗೆ ಗೋರಿ ಹತ್ತಿಕೊಂಡಿವೆ. ಮೊದಲೇ ಇಲ್ಲಿ ಯಾರನ್ನಾದರೂ ಹೂತಿರುವ ಮನೆತನದವರಿಗೆ ಅದೇ ಕುಣಿ ಮತ್ತೆ ತೆರೆಯುತ್ತಾರಂತೆ. ನಮ್ಮವರು ಇಲ್ಲಿ ಯಾರೂ ಸತ್ತಿಲ್ಲ, ಈ ಊರಿಗೆ ನಾವು ಅಷ್ಟು ಹೊಸಬರು. ಕಾವಲಿನವನು ಗೋಡೆಯ ಪಕ್ಕ ಒಂದಿಷ್ಟು ನೆಲ ತೋರಿಸಿದ. ಅತ್ತೆ ಊರುಗೋಲಿನಿಂದ ಕೆದಕಿ, “ಬರೇ ಉಸುಕು,” ಎಂದು ಮುಖ ಸಿಂಡರಿಸಿದರು. ಆಮೇಲೆ ಕೇಳಿದರು, “ಇಲ್ಲೂ ತಲಿ ಪಡುವಣಕ್ಕ, ಕಾಲ ಮೂಡಣಕ್ಕನs ಇಡ್ತಾರೇನು?”

ಹೌದಂತೆ ಎಂದೆ.

ಅವರು ಆ ಕಡೆ, ಈ ಕಡೆ ತಿರುಗಿ ದಿಕ್ಕು ಗೊತ್ತುಮಾಡಿಕೊಂಡರು. “ಹಂಗಾರ ತಲಿ ಊರ ಕಡೆ ಆತು. ಕಾಲ ಸಮುದ್ರದ ಕಡೆ.” ಇನ್ನೊಂದು ಸಲ ಉಸುಕು ಕೆದಕಿದರು. “ಆಗಲಿ. ಈ ಸಲ ನಾನs ಹೇಳಾಕತ್ತೀನಿ, ಬರ್ಕೋ.”