ಟೇಲರ್ ಮಾವ ತಂದ ಲಟ್ಟಣಿಗೆ

ನಲವತ್ತೆರಡು ವರ್ಷ ಕತ್ತರಿ ಹಿಡಿದ ಕೈ ಸುಮ್ಮನಿರುತ್ತದೆಯೇ? ಸೂಜಿಗೆ ದಾರ ಪೋಣಿಸಲು ಕಣ್ಣು ಒಪ್ಪದಾದಾಗ ಟೇಲರ್ ಮಾವ ಅಂಗಡಿ ಮುಚ್ಚಿ ಅಡುಗೆಮನೆಗೆ ನುಗ್ಗಿದರು, ಬಿಸ್ಕತ್ತು ಮಾಡುವುದನ್ನು ಕಲಿತರು. ಬೀದಿಯವರೆಲ್ಲ ಅವರನ್ನು ಟೇಲರ್ ಮಾವ ಎನ್ನುತ್ತಿದ್ದರೂ ಹಾಗೆ ಕರೆಯುವ ಹಕ್ಕು ನಿಜವಾಗಿ ಇದ್ದದ್ದು ಮನೆಯ ಸೊಸೆಯೊಬ್ಬಳಿಗೆ ಮಾತ್ರ. ಲಟ್ಟಿಸಿದ ಹಿಟ್ಟಿನ ಮೇಲೂ ಅವರು ಟೇಪು ಹಿಡಿಯುತ್ತಿದ್ದರು. ಅಂಚು ನೇರ ಮಾಡಿದಾಗ ಉಳಿಯುವ ಚೂರುಗಳನ್ನೂ ಸುಟ್ಟು ಸೊಸೆಗೆಂದು ಎತ್ತಿಡುವುದು ವಾಡಿಕೆ.

ಮನೆಯ ಲಟ್ಟಣಿಗೆ ಅತ್ತೆಗೆ ಅವರ ತಾಯಿ ಕೊಟ್ಟದ್ದು. ಬೆಣ್ಣೆ ಹೀರಿ ಹೀರಿ ಕಪ್ಪಗೆ, ನುಣ್ಣಗೆ ಆಗಿತ್ತು. ಒಂದು ಬೆಳಿಗ್ಗೆ ಮಾವನ ಮೂಗಿಗೆ ಅದು ಕಮಟು ವಾಸನೆ ಹೊಡೆಯಿತು. ಹೊಸ ಬಟ್ಟೆಯನ್ನು ಮೊದಲು ನೆನೆಸು, ಒಣಗಿಸು, ಆಮೇಲೆ ಕತ್ತರಿ ಹಾಕು ಎಂಬುದು ದರ್ಜಿಯ ಮೊದಲ ಪಾಠ. ಆ ಬುದ್ಧಿಯನ್ನೇ ಪುಣ್ಯಾತ್ಮರು ಮರದ ಮೇಲೂ ಓಡಿಸಿದರು. ಬಿಸಿನೀರಿನಲ್ಲಿ ಎರಡು ಗಂಟೆ ನೆನೆಸಿ, ಬೇಗ ಒಣಗಲೆಂದು ಇನ್ನೂ ಬಿಸಿಯಾಗಿದ್ದ ಓವನ್ನಿನಲ್ಲಿಟ್ಟರು. ಹೊರತೆಗೆದರೆ ಈ ತುದಿಯಿಂದ ಆ ತುದಿಗೆ ಸೀಳು. ತೆಪ್ಪಗೆ ಅದನ್ನು ಇದ್ದ ಜಾಗದಲ್ಲೇ ಇಟ್ಟು, ಪೇಪರು ಹಿಡಿದು ಕೂತರು.

ಮಧ್ಯಾಹ್ನ ಅತ್ತೆಯ ಕಣ್ಣಿಗೆ ಬಿತ್ತು. ಸೊಸೆಯ ಕೈಯಿಂದ ಲೋಟ, ತಟ್ಟೆ ಜಾರುವುದು ಆ ಮನೆಗೆ ಹೊಸದಲ್ಲ.

"ನೀನೇ ಬೀಳಿಸಿದ್ದು ಅಲ್ವಾ? ನಮ್ಮಮ್ಮನ ನೆನಪು ಅಂತ ಇದ್ದದ್ದು ಇದೊಂದೇ ಕಣೇ!"

ಸೊಸೆ ಒಮ್ಮೆ ಮಾವನ ಕಡೆ ನೋಡಿದಳು, ಒಳಗೆ ಹೋದಳು. ಮಾವ ಪೇಪರನ್ನು ಇನ್ನಷ್ಟು ಮೇಲೆತ್ತಿದರು.

ನಾಲ್ಕು ದಿನ ಅತ್ತೆ ಸೊಸೆಯ ನಡುವೆ ಮಾತಿಲ್ಲ. ಕೋತಿ ತಾನು ಮೊಸರು ತಿಂದು ಮೇಕೆ ಬಾಯಿಗೆ ಒರೆಸಿತಂತೆ. ಆದರೆ ಆ ಕೋತಿಗೆ ಅದೇ ಮೇಕೆಯ ಎದುರು ದಿನಾ ಊಟಕ್ಕೆ ಕೂರುವ ಕಷ್ಟವಿರಲಿಲ್ಲ. ಐದನೆಯ ದಿನ ಮಾವ ಹೆಂಡತಿಗೆ, "ಹೋಗ್ಲಿ ಬಿಡು, ಹೊಸದು ತರ್ತೀನಿ" ಎಂದರು.

"ಒಡೆದೋರು ಯಾರೋ, ತರೋರು ಯಾರೋ. ನಿಮ್ಮದು ದೊಡ್ಡ ಮನಸ್ಸು ಕಣ್ರೀ" ಎಂದರು ಅತ್ತೆ, ಸೊಸೆಗೆ ಕೇಳುವಂತೆ. ಮಾವನಿಗೆ ಬೈಸಿಕೊಂಡಿದ್ದರೂ ಇಷ್ಟು ನಾಚಿಕೆಯಾಗುತ್ತಿರಲಿಲ್ಲ.

ಮರ ಕಡೆಯುವವನು ಮೂರು ಬಗೆಯ ಲಟ್ಟಣಿಗೆ ಮುಂದಿಟ್ಟ.

"ಹಿಡಿ ಇರೋದು ಸಲೀಸಾಗಿ ಉರುಳುತ್ತೆ. ಕಲ್ಲಿಂದು ತಣ್ಣಗಿರುತ್ತೆ, ಬೆಣ್ಣೆ ಕರಗಲ್ಲ, ಆದ್ರೆ ಭಾರ. ಹಿಟ್ಟು ಎಲ್ಲಿ ದಪ್ಪ, ಎಲ್ಲಿ ತೆಳು ಅಂತ ಅಂಗೈಗೆ ಗೊತ್ತಾಗ್ಬೇಕಾದ್ರೆ ಹಿಡಿ ಇಲ್ಲದ ಈ ಸಾದಾದೇ ಸರಿ."

ಮಾವ ಚೀಲದಿಂದ ಹಳೆಯದನ್ನು ತೆಗೆದು, "ಇದೇ ಅಳತೆ ಬೇಕು" ಎಂದು ಟೇಪು ಬಿಚ್ಚಿದರು. ಅವನು ಸೀಳಿನೊಳಗೆ ಉಗುರಾಡಿಸಿದ.

"ಇದನ್ನ ಯಾರು ಬೇಯಿಸಿದ್ದು?"

"ಬೇಯಿಸಲಿಲ್ಲಪ್ಪ, ಬರೀ ನೆನೆಸಿದೆ!" ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡ ಹಾಗಾಯಿತು.

ಅವನು ನಕ್ಕ. "ಬಿದ್ದಿದ್ರೆ ತುದಿ ಜಜ್ಜಿರೋದು ಯಜಮಾನ್ರೇ, ಹಿಂಗೆ ಉದ್ದಕ್ಕೂ ಬಾಯಿ ಬಿಡ್ತಿರಲಿಲ್ಲ. ಇನ್ಮೇಲೆ ಒದ್ದೆ ಬಟ್ಟೇಲಿ ಒರೆಸಿ, ಸಾಕು."

ಮನೆಯಲ್ಲಿ ನಾಲ್ಕು ದಿನ ಹೊರಡದ ಮಾತು ಗುರುತಿಲ್ಲದವನ ಮುಂದೆ ಒಂದೇ ಉಸಿರಿಗೆ ಬಂದಿತ್ತು. ಸಾದಾ ಲಟ್ಟಣಿಗೆ ಕೊಂಡು ಸೀದಾ ಅಡುಗೆಮನೆಗೆ ಬಂದರು. ಹೆಂಗಸರಿಬ್ಬರೂ ಬೆನ್ನು ತಿರುಗಿಸಿಕೊಂಡು ಕೆಲಸ ಮಾಡುತ್ತಿದ್ದರು. ಎರಡೂ ಲಟ್ಟಣಿಗೆಗಳನ್ನು ಮೇಜಿನ ಮೇಲಿಟ್ಟರು.

"ಇದನ್ನ ಹಾಳು ಮಾಡಿದ್ದು ಇವಳಲ್ಲ, ನಾನು. ನೆನೆಸಿ ಓವನ್ನಲ್ಲಿ ಇಟ್ಟಿದ್ದೆ."

ಅತ್ತೆ ಸೊಸೆಯ ಕೈ ಹಿಡಿದು, "ನಾನಲ್ಲ ಅಂತ ಒಂದು ಮಾತು ಹೇಳ್ಬಾರ್ದಿತ್ತಾ?" ಎಂದರು.

"ಮಾವ ಅದನ್ನ ಹೊರಗೆ ತೆಗೆಯೋವಾಗ ನಾನು ಬಾಗಿಲಲ್ಲೇ ಇದ್ದೆ ಅತ್ತೆ." ಸೊಸೆ ಮಾವನ ಕಡೆ ತಿರುಗಿದಳು. "ನೀವೇ ಹೇಳ್ತೀರ ಅಂತ ಕಾಯ್ತಾ ಇದ್ದೆ ಮಾವ."

"ತಪ್ಪಾಯ್ತಮ್ಮ."

ಪರವಾಗಿಲ್ಲ ಬಿಡಿ ಎಂದು ಅವಳು ಅನ್ನಲಿಲ್ಲ.

ಸಂಜೆ ಮಾವ ಬಿಸ್ಕತ್ತು ಮಾಡಿದರು. ಚೂರುಗಳ ತಟ್ಟೆಯನ್ನು ಎಂದಿನಂತೆ ಸೊಸೆಯ ಮುಂದಿಟ್ಟರು. ಅವಳು ಒಂದನ್ನು ಅತ್ತೆಗೆ ಕೊಟ್ಟಳು, ಒಂದನ್ನು ತಾನು ತಿಂದಳು. ತಟ್ಟೆಯನ್ನು ಮಾವನ ಕಡೆಗೆ ಸರಿಸಲಿಲ್ಲ.