ಮುಂದಿನ ಗಾಲಿಯ ಸದ್ದು

ನಮ್ಮ ಕಾರಿಗೂ ನನಗೂ ಒಟ್ಟಿಗೇ ವಯಸ್ಸಾಯಿತು. ಮೆಟ್ಟಿಲು ಹತ್ತುವಾಗ ನನ್ನ ಮಂಡಿ ಲಟಲಟ ಎನ್ನಲು ಶುರುವಾದ ವರ್ಷವೇ ಅದರ ಮುಂದಿನ ಗಾಲಿಗಳೂ ದನಿ ತೆಗೆದವು. ಮಂಡಿಗೆ ಎಣ್ಣೆ ಹಚ್ಚಿ ಸುಮ್ಮನಾದೆ. ಗಾಲಿಯ ವಿಷಯದಲ್ಲಿ ಸುಮ್ಮನಿರಲು ನನ್ನಂಥವನಿಗೆ ಸಾಧ್ಯವಿರಲಿಲ್ಲ. ಬಾಗಿಲಿಗೆ ಬೀಗ ಹಾಕಿ ಬೀದಿಯ ಕೊನೆತನಕ ಹೋಗಿ, ಗ್ಯಾಸ್ ಆರಿಸಿದೆನೋ ಇಲ್ಲವೋ ಎಂದು ವಾಪಸು ಬರುವ ಜಾತಿ ನಾನು. ವಾಪಸು ಬಂದು ನೋಡಿ, ಮತ್ತೆ ಬೀಗ ಹಾಕಿದ ಮೇಲೆ, ನೋಡುವಾಗ ಕೈ ತಗುಲಿ ಹೊತ್ತಿಕೊಂಡಿತೇನೋ ಎಂದು ಯೋಚಿಸುವವನು.

ಕಾರು ಸ್ವಲ್ಪ ವೇಗ ಹಿಡಿದರೆ ಸಾಕು, ಗುಂಯ್ ಎನ್ನುತ್ತಿತ್ತು. ಹೆದ್ದಾರಿಗೆ ಬಿದ್ದರೆ ಪಕ್ಕದಲ್ಲೇ ಯಾರೋ ಹಿಟ್ಟಿನ ಗಿರಣಿ ಇಟ್ಟುಕೊಂಡು ಬಂದಂತೆ. ಚಿಕ್ಕಬಳ್ಳಾಪುರದ ನಮ್ಮ ಮೆಕ್ಯಾನಿಕ್ ಒಂದು ಸುತ್ತು ಓಡಿಸಿ ನೋಡಿ, ಬೇರಿಂಗ್ ಸವೆದಿದೆ, ಗಾಲಿಯನ್ನು ಹೊತ್ತು ತಿರುಗುವ ಹಬ್ಬನ್ನೇ ಬದಲಾಯಿಸಬೇಕು, ಎರಡೂ ಕಡೆ, ಅಂದ. ಗಾಲಿ ಕಳಚಿ ಬೀಳುತ್ತದೆಯೇ ಎಂದು ಕೇಳಿದೆ. ಇವತ್ತೇನೂ ಬೀಳಲ್ಲ ಸಾರ್ ಅಂದ. ಅವನು ಧೈರ್ಯ ಹೇಳಿದ್ದು. ನಾನು ಮಾತ್ರ ಅಂದಿನಿಂದ ದಿನಾ ಬೆಳಿಗ್ಗೆ ಎದ್ದು ಇವತ್ತು ಯಾವ ಇವತ್ತು ಎಂದು ಯೋಚಿಸತೊಡಗಿದೆ.

ನಾನೊಬ್ಬನೇ ಓಡಾಡುವ ಕಾರಾಗಿದ್ದರೆ ಬೇರೆ ಮಾತು. ಕುಡುಮಲಕುಂಟೆಯ ಕಾರ್ಖಾನೆಯೊಂದರಲ್ಲಿ ನನಗೆ ಲೆಕ್ಕ ಬರೆಯುವ ಕೆಲಸ. ಅಲ್ಲಿಗೆ ಕಾರ್ಖಾನೆಯ ಬಸ್ಸೇ ಬರುತ್ತದೆ. ಆಗ ಕಾರು ಓಡುತ್ತಿದ್ದದ್ದು ಅಕ್ಕನಿಗಾಗಿ. ಕೆಂಚಾರ್ಲಹಳ್ಳಿಗೆ ಮದುವೆಯಾಗಿ ಹೋದ ನನ್ನ ದೊಡ್ಡಕ್ಕ, ವಯಸ್ಸೆಲ್ಲ ರೇಷ್ಮೆಹುಳು ಸಾಕಿಕೊಂಡೇ ಕಳೆದವಳು. ಎದೆಯಲ್ಲಿ ಕಾಣಿಸಿಕೊಂಡ ಗಂಟು ಬೆನ್ನುಮೂಳೆಗೂ ಸೊಂಟಕ್ಕೂ ಇಳಿದ ಮೇಲೆ, ಬೆಂಗಳೂರಿನ ಆಸ್ಪತ್ರೆಗೆ ನಮ್ಮೂರೇ ಹತ್ತಿರವೆಂದು ನಮ್ಮ ಮನೆಯಲ್ಲಿದ್ದಳು. ಸೋಮವಾರ ಬಂತೆಂದರೆ ನನ್ನ ಹೆಂಡತಿ ಅವಳ ಶಾಲೆಗೆ, ನಾನು ರಜೆ ಹಾಕಿ ಅಕ್ಕನನ್ನು ಹಿಂದಿನ ಸೀಟಿನಲ್ಲಿ ಮಲಗಿಸಿಕೊಂಡು ಆಸ್ಪತ್ರೆಗೆ.

ಅಲ್ಲಿ ಡಾಕ್ಟರಮ್ಮ ಪ್ರತಿ ಸಲವೂ ಒಂದು ಪ್ರಶ್ನೆ ಕೇಳುತ್ತಿದ್ದರು: ಈ ಪ್ರಯಾಣ ತಡೆಯೋಕಾಗ್ತಿದೆಯಾ? ಈ ಔಷಧಿಯಿಂದ ಕಾಯಿಲೆ ವಾಸಿಯಾಗುವುದಿಲ್ಲ, ಒಂದಿಷ್ಟು ದಿನ ತಡೆದು ನಿಲ್ಲಿಸಬಹುದು. ಬಂದುಹೋಗುವುದೇ ಹಿಂಸೆಯಾದರೆ ಬೇಡ, ಮನೆಯಲ್ಲೇ ನೋವಿಗೆ ನೋಡೋಣ ಎಂದು ಮೊದಲೇ ಬಿಡಿಸಿ ಹೇಳಿದ್ದರು. ಅಕ್ಕ ತಡೀತೀನಮ್ಮ ಅನ್ನುತ್ತಿದ್ದಳು. ಡಾಕ್ಟರಮ್ಮ ನನ್ನ ಮುಖ ನೋಡುತ್ತಿದ್ದರು. ದಾರಿಯುದ್ದಕ್ಕೂ ಆರಾಮಾಗಿ ಮಲಗಿರ್ತಾರೆ ಎಂದು ನಾನು ಸಾಕ್ಷಿ ಹೇಳುತ್ತಿದ್ದೆ. ನನಗೆ ಆ ಒಂದಿಷ್ಟು ದಿನ ಬೇಕಾಗಿದ್ದವು.

ಗಾಲಿಯ ಸದ್ದಿಗಾಗಿ ಅಕ್ಕನ ಹತ್ತಿರ ಕ್ಷಮೆ ಕೇಳಿದರೆ ಅವಳು ನಕ್ಕುಬಿಡುತ್ತಿದ್ದಳು. “ನಾಕನೇ ಜ್ವರ ಎದ್ದ ಹುಳ ಮೇಯ್ದಂಗೆ ಕೇಳ್ತದೆ ಕಣಪ್ಪ. ಇರ್ಲಿ ಬಿಡು, ನಂಗೆ ನಿದ್ದೆ ಬರ್ತದೆ.” ರೇಷ್ಮೆಹುಳು ಪೊರೆ ಬಿಡುವ ಮೊದಲು ಮೇವು ಬಿಟ್ಟು, ತಲೆಯೆತ್ತಿ, ಅಲುಗಾಡದೆ ಕೂರುತ್ತದೆ. ಅದಕ್ಕೆ ನಮ್ಮ ಕಡೆ ಜ್ವರ ಅನ್ನುತ್ತಾರೆ. ನಾಲ್ಕನೆಯದು ಮುಗಿಸಿ ಎದ್ದ ಹುಳುವಿಗೆ ಎಲ್ಲಿಲ್ಲದ ಹಸಿವು. ಮನೆತುಂಬ ಜಡಿಮಳೆಯಂಥ ಸದ್ದು. ಆ ಸದ್ದು ಕೇಳಿಕೊಂಡು ನಿದ್ದೆಹೋದವಳು ಅವಳು. ಆದರೂ ಗಿರಣಿಗೂ ಜಡಿಮಳೆಗೂ ಎಲ್ಲಿಯ ಹೋಲಿಕೆ? ನನ್ನ ಸಮಾಧಾನಕ್ಕೆ ಹೇಳುತ್ತಾಳೆ ಅಂದುಕೊಂಡೆ. ಅವಳಿಗೆ ಸದ್ದಿಲ್ಲದ ಕಾರು ಕೊಡುವುದು ನನಗೊಂದು ವ್ರತವಾಯಿತು. ಕಾಯಿಲೆಯ ಮುಂದೆ ನಾನು ಮಾಡುವಂಥದ್ದು ಏನೂ ಇರಲಿಲ್ಲ. ಗಾಲಿಯ ಮುಂದೆ ಇತ್ತು.

ಮೆಕ್ಯಾನಿಕ್ ಶನಿವಾರ ಕಾರು ಬಿಟ್ಟು ಮಂಗಳವಾರ ತಗೊಂಡು ಹೋಗಿ ಅಂದ. ನಡುವೆ ಸೋಮವಾರ ಇದೆಯಲ್ಲ. ಹಾಗಾಗಿ ಬೇರಿಂಗ್ ಸಮೇತವೇ ಬರುವ ಎರಡು ಹೊಸ ಹಬ್ ತಂದು, ಮೊಬೈಲಿನಲ್ಲಿ ಯಾರ್ಯಾರೋ ಮಾಡಿದ್ದನ್ನು ಕಣ್ಣು ಉರಿಯುವವರೆಗೆ ನೋಡಿ, ಭಾನುವಾರ ಮನೆಯ ಮುಂದೆಯೇ ಕೂತೆ. ಜಾಕ್ ಏರಿಸಿ, ಜಾಕನ್ನು ನಂಬದೆ ಅಡಿಗೆ ಸೈಜುಗಲ್ಲು ಇಟ್ಟೆ. ಸೈಜುಗಲ್ಲನ್ನೂ ನಂಬದೆ ಬಿಚ್ಚಿದ ಗಾಲಿಯನ್ನು ಅದರ ಪಕ್ಕ ತಳ್ಳಿದೆ. ಸ್ಕಂದಗಿರಿ ಹತ್ತಿಬಂದ ಬೈಕಿನ ಹುಡುಗರಿಬ್ಬರು ದಾರಿ ಕೇಳಲು ನಿಂತವರು, ನನ್ನನ್ನು ನೋಡಿ, ಕೇಳದೆಯೇ ಮುಂದೆ ಹೋದರು.

ಅಕ್ಕ ಪ್ಲಾಸ್ಟಿಕ್ ಕುರ್ಚಿಯಲ್ಲಿ ದಿಂಬು ಇಟ್ಟುಕೊಂಡು ಕೂತಿದ್ದಳು. ಬಿಚ್ಚಿದ ನಟ್ಟು ಬೋಲ್ಟು ಕಳೆಯದಿರಲೆಂದು ತನ್ನ ಮುಂದೆ ಮೊರ ಇಡಿಸಿಕೊಂಡು, ಎಡಗಾಲಿಯದು ಒಂದು ಮೂಲೆಗೆ, ಬಲಗಾಲಿಯದು ಒಂದು ಮೂಲೆಗೆ, ಗೂಡು ಕಟ್ಟಲು ಹಣ್ಣಾದ ಹುಳು ಆರಿಸುವ ಹಾಗೆ ವಿಂಗಡಿಸುತ್ತಿದ್ದಳು. ನಾನು ಒಂದೊಂದು ಬೋಲ್ಟನ್ನೂ ತಿರುಗಿಸಿ ತಿರುಗಿಸಿ ನೋಡುವುದನ್ನು ಕಂಡು ಹಳೆಯ ಮಾತು ತೆಗೆದಳು. “ಜ್ವರಕ್ಕೆ ಕೂತ ಹುಳಾನ ಸತ್ತದೋ ಬದುಕ್ಯದೋ ಅಂತ ಮುಟ್ಟಿ ಮುಟ್ಟಿ ನೋಡ್ತಿದ್ದೋನಲ್ವಾ ನೀನು. ಇದಾದ್ರೂ ಕಬ್ಬಿಣ. ಸಾಯಲ್ಲ, ಮುಟ್ಟು.”

ನಡುವಿನ ದೊಡ್ಡ ನಟ್ಟು ಸಡಿಲಿಸುವಾಗ ಒಬ್ಬರು ಬ್ರೇಕ್ ಒತ್ತಿ ಹಿಡಿಯಬೇಕು, ಇಲ್ಲದಿದ್ದರೆ ಇಡೀ ಹಬ್ಬೇ ತಿರುಗುತ್ತದೆ. ಹೆಂಡತಿ ಅಂಗಡಿಗೆ ಹೋಗಿದ್ದಳು. ಅಕ್ಕ ತಾನು ಒತ್ತುತ್ತೇನೆ ಎಂದು ಹಟ ಹಿಡಿದು, ನನ್ನ ಭುಜ ಹಿಡಿದು ಬಂದು ಡ್ರೈವರ್ ಸೀಟಿನಲ್ಲಿ ಕೂತಳು. ನಾನು ಉದ್ದದ ಪೈಪಿಗೆ ಜೋತುಬಿದ್ದೆ. ಹಬ್ಬು ಸರಾಗವಾಗಿ ತಿರುಗಿತು. ಒತ್ತಕ್ಕ ಅಂದೆ. ಒತ್ತಿದ್ದೀನಿ ಅಂದಳು. ತಲೆ ಎತ್ತಿ ನೋಡಿದರೆ, ಎರಡೂ ಕೈಗಳಿಂದ ತನ್ನ ತೊಡೆಯನ್ನೇ ಕೆಳಕ್ಕೆ ಅದುಮುತ್ತಿದ್ದಳು. ರೇಷ್ಮೆಗೂಡಿನ ಮೂಟೆ ಹೊತ್ತು ಬಸ್ಸು ಹತ್ತಿ ಶಿಡ್ಲಘಟ್ಟದ ಮಾರುಕಟ್ಟೆಗೆ ಹೋಗುತ್ತಿದ್ದ ಕಾಲು ಅದು. ಬಿಚ್ಚಿತು ಬಿಡಕ್ಕ ಅಂದೆ. ಅವಳನ್ನು ಕುರ್ಚಿಗೆ ಕರೆತಂದು, ದಪ್ಪನೆಯ ಸ್ಕ್ರೂಡ್ರೈವರ್ ಸಿಕ್ಕಿಸಿ ಹಬ್ಬನ್ನು ತಡೆದು, ಸದ್ದಾಗದಂತೆ ನಟ್ಟು ತೆಗೆದೆ.

ಹಳೆಯ ಹಬ್ಬು ತುಕ್ಕಿನಲ್ಲಿ ಅಂಟಿಕೊಂಡು ಸುತ್ತಿಗೆಗೂ ಬಗ್ಗದೆ ಮಧ್ಯಾಹ್ನವನ್ನು ತಿಂದಿತು. ಹೊತ್ತು ಮುಳುಗುವ ವೇಳೆಗೆ ಎರಡೂ ಕಡೆ ಹೊಸದು ಕೂತಿತ್ತು. ಕೈಯಲ್ಲಿ ತಿರುಗಿಸಿದರೆ ಗಾಲಿ ಉಸಿರೂ ಬಿಡದೆ ತಿರುಗಿತು. ನನ್ನ ಬದುಕಿನಲ್ಲಿ ನಾನು ಸರಿಮಾಡಿದ ಮೊದಲ ವಸ್ತು ಅದೇ ಇರಬೇಕು. ಅಕ್ಕ ನೋಡಿದಳು. ಪೂರ್ತಿ ಹೋಯ್ತಾ ಸದ್ದು ಎಂದು ಕೇಳಿದಳು. ಪೂರ್ತಿ ಎಂದೆ, ಎದೆ ಉಬ್ಬಿಸಿ.

ಸೋಮವಾರ ಹೊರಟೆವು. ನಂದಿ ಕ್ರಾಸಿನ ಹತ್ತಿರ ವೇಗ ಹಿಡಿದರೂ ಗುಂಯ್ ಇಲ್ಲ. ಮೈಮರೆಯುವಷ್ಟರಲ್ಲಿ ಇನ್ನೊಂದು ಸದ್ದು ಕೇಳಿಸಿತು. ಬಹಳ ಸಣ್ಣದು, ಎಳೆಯಂಥದು, ರಸ್ತೆ ಕುಲುಕಿದಾಗ ಮಾತ್ರ. ಏನೋ ತಪ್ಪಾಗಿ ಕೂರಿಸಿದ್ದೇನೆ. ಮೊಬೈಲಿನಲ್ಲಿ ಕಲಿತ ಹಾಗೆ ಪತ್ತೆಗೆ ತೊಡಗಿದೆ. ಏಸಿ ಆರಿಸಿದೆ. ವೇಗ ಇಳಿಸಿದೆ, ಏರಿಸಿದೆ. ಸದ್ದು ಮುಂದಿನದಲ್ಲ, ಹಿಂದಿನದು. ಹಿಂದಿನ ಶಾಕ್ ಅಬ್ಸಾರ್ಬರ್ ಇರಬಹುದೆಂದು ತೋರಿತು. ಖಾತ್ರಿ ಮಾಡಿಕೊಳ್ಳೋಣವೆಂದು, ಸೇತುವೆಯ ಜೋಡಣೆ ಎದ್ದಿರುವಲ್ಲಿ, ಬೇಕೆಂದೇ ನಿಧಾನಿಸದೆ ಹತ್ತಿಸಿದೆ.

“ಅಮ್ಮಾ... ನಾ ವಲ್ಲ ಕಾದಮ್ಮಾ.”

ನನ್ನ ಕೈಯಲ್ಲಿ ಆಗಲ್ಲಮ್ಮ ಎಂದು. ನಮ್ಮಮ್ಮ ನಮ್ಮೊಂದಿಗೆ ಆಡುತ್ತಿದ್ದದ್ದು ತೆಲುಗು. ಅಮ್ಮ ಹೋದ ಮೇಲೆ ಅಕ್ಕನೂ ನಾನೂ ಕನ್ನಡದಲ್ಲೇ ಉಳಿದೆವು. ಎಷ್ಟೋ ವರ್ಷಗಳಿಂದ ಅವಳ ಬಾಯಲ್ಲಿ ಆ ಮಾತು ನಾನು ಕೇಳಿರಲಿಲ್ಲ. ಕನ್ನಡಿಯಲ್ಲಿ ನೋಡಿದೆ. ಸೆರಗನ್ನು ಉಂಡೆಮಾಡಿ ಬಾಯಿಗೆ ಒತ್ತಿ ಹಿಡಿದಿದ್ದಳು. ಕಣ್ಣು ಮುಚ್ಚಿತ್ತು.

ಹೇಗಿದ್ದೀಯಕ್ಕ ಎಂದೆ. ಸೆರಗು ತೆಗೆದಳು, ದನಿ ಸರಿಮಾಡಿಕೊಂಡಳು. “ಚೆನ್ನಾಗಿದ್ದೀನಿ ಕಣಪ್ಪ. ಏನ್ ಮೋಡಿ ಮಾಡ್ದೆ, ಸದ್ದೇ ಇಲ್ವಲ್ಲೋ.”

ಎಷ್ಟು ಸೋಮವಾರಗಳು ಆ ಸವೆದ ಗಾಲಿಗಳು ಅವಳ ನರಳಾಟವನ್ನು ನನ್ನಿಂದ ಮುಚ್ಚಿಟ್ಟಿದ್ದವು. ನಾನು ಗಾಬರಿ ಬೀಳುವವನೆಂದು ಅವಳಿಗಿಂತ ಚೆನ್ನಾಗಿ ಯಾರಿಗೆ ಗೊತ್ತು? ಆ ಸದ್ದು ಅವಳಿಗಿದ್ದ ಒಂದೇ ಮರೆ. ಅದನ್ನೂ ಸುತ್ತಿಗೆಯಲ್ಲಿ ಹೊಡೆದು ಹೊರಗೆ ತೆಗೆದಿದ್ದೆ.

ಸೆಕೆ ಅಲ್ವಾ ಎಂದು ನನ್ನ ಕಡೆಯ ಗಾಜನ್ನು ಪೂರ್ತಿ ಇಳಿಸಿದೆ. ಗಾಳಿ ಭರ್ರೆಂದು ನುಗ್ಗಿತು. ಸೆಕೆ ಏನೂ ಇರಲಿಲ್ಲ. ಬೆಂಗಳೂರು ಮುಟ್ಟುವವರೆಗೆ ನನ್ನ ಕಿವಿಯಲ್ಲಿ ಗಾಳಿ ಬಿಟ್ಟು ಬೇರೇನೂ ಬೀಳದಂತೆ ಓಡಿಸಿದೆ.

ಡಾಕ್ಟರಮ್ಮ ಎಂದಿನಂತೆ ಕೇಳಿದರು. ತಡೀತೀನಮ್ಮ ಎಂದು ಅಕ್ಕ ಎಂದಿನಂತೆ ಹೇಳಿದಳು. ಅವರು ನನ್ನ ಕಡೆ ತಿರುಗಿದರು. ಒಂದು ಮಾತು ಹೇಳಿದರೆ ಇನ್ನೊಂದಿಷ್ಟು ಸೋಮವಾರಗಳು ನನಗೆ ಸಿಗುತ್ತಿದ್ದವು. “ಇಲ್ಲ ಡಾಕ್ಟ್ರೇ,” ಅಂದೆ. “ಅವಳಿಗೆ ಆಗ್ತಿಲ್ಲ.”

ಅಕ್ಕ ನನ್ನನ್ನು ನೋಡಿದಳು. ಬೈಯುತ್ತಾಳೆಂದುಕೊಂಡೆ. ಅವಳ ಭುಜಗಳು ಮೆಲ್ಲಗೆ ಕೆಳಗಿಳಿದವು, ದೂರದಿಂದ ಹೊತ್ತು ತಂದ ಪುಟ್ಟಿ ಇಳಿಸಿದವಳಂತೆ. “ಕೇಳಿಸ್ತೇನೋ ನಿಂಗೆ,” ಅಂದಳು ಅಷ್ಟೆ.

ನೋವಿಗೆ ಬೇರೆ ಔಷಧಿ ಬರೆದುಕೊಟ್ಟರು. ಆ ವಾರವೇ ಅವಳನ್ನು ಕೆಂಚಾರ್ಲಹಳ್ಳಿಗೆ ಕರೆದೊಯ್ದೆ. ಶಿಡ್ಲಘಟ್ಟ ದಾಟಿ ಚಿಂತಾಮಣಿ ದಾಟಿ, ಒಂದೊಂದು ಗುಂಡಿಗೂ ಇಳಿದು ನಮಸ್ಕಾರ ಮಾಡುವಷ್ಟು ನಿಧಾನವಾಗಿ. ಹಿಂದೆ ಬಂದ ಲಾರಿಯವರೆಲ್ಲ ನನ್ನ ವಂಶವನ್ನು ವಿಚಾರಿಸಿಕೊಂಡು ಮುಂದೆ ಹೋದರು. ಮಗ ಸೊಸೆ ಅವಳ ಹಾಸಿಗೆಯನ್ನು ಹುಳುಮನೆಯ ಗೋಡೆಗೆ ತಾಗಿದ ಕೋಣೆಯಲ್ಲಿ ಹಾಕಿದ್ದರು. ಅಲ್ಲೇ ಬೇಕೆಂದು ಅವಳೇ ಹೇಳಿಕಳಿಸಿದ್ದಳು. ಗೋಡೆಯ ಕಿಂಡಿಯಿಂದ ಹುಳು ಮೇಯುವ ಸದ್ದು ಬರುತ್ತಿತ್ತು. ಔಷಧಿಯಿಂದ ನೋವು ತಗ್ಗಿತ್ತು, ಹೋಗಿರಲಿಲ್ಲ. ಉಳಿದದ್ದು ಆ ಸದ್ದಿನ ಪಾಲಿಗೆ.

ಒಂದು ಭಾನುವಾರ ಹೋದಾಗ ಮನೆಯೆಲ್ಲ ನಿಶ್ಶಬ್ದ. ಹುಳು ಜ್ವರಕ್ಕೆ ಕೂತಿತ್ತು. ಮೇವು ಹಾಕುವಂತಿಲ್ಲ, ಮುಟ್ಟುವಂತಿಲ್ಲ. ನಾನು ಕೋಣೆಯ ಬಾಗಿಲಲ್ಲಿ ನಿಂತು, ಜೋರಾಗಿ ಏನಾದರೂ ಮಾತಾಡಲೇ, ಮೊಬೈಲಿನಲ್ಲಿ ಹಾಡು ಹಾಕಲೇ ಎಂದು ತಡಕಾಡಿದೆ. ಅಕ್ಕ ಹಾಸಿಗೆಯ ಅಂಚು ತಟ್ಟಿದಳು. ಕೂತೆ. ನನ್ನ ಕೈ ಹಿಡಿದುಕೊಂಡು, ಸೆರಗಿನ ಸುದ್ದಿಗೇ ಹೋಗದೆ, ನನ್ನೆದುರೇ ನರಳಿದಳು. ಅಮ್ಮನನ್ನು ಕರೆದಳು. ನೀರು ಬೇಕಾ, ಮಾತ್ರೆ ಬೇಕಾ, ಹೊರಳಿಸಲಾ ಎಂದು ನನ್ನ ಬಾಯಿತುಂಬ ಇದ್ದ ಪ್ರಶ್ನೆಗಳನ್ನೆಲ್ಲ ನುಂಗಿಕೊಂಡು ಸುಮ್ಮನೆ ಕೂತಿದ್ದೆ.

ಆ ಬೆಳೆಯ ಹುಳು ಗೂಡು ಕಟ್ಟುವ ಮೊದಲೇ ಅವಳು ಹೋದಳು.

ಕಾರು ಈಗಲೂ ಸದ್ದು ಮಾಡುವುದಿಲ್ಲ. ಹಬ್ ಎಷ್ಟು ಚೆನ್ನಾಗಿ ಕೂರಿಸಿದ್ದೀರಿ ಸಾರ್ ಎಂದು ಮೊನ್ನೆ ಮೆಕ್ಯಾನಿಕ್ ಹೊಗಳಿದ. ನಾನು ಗಾಜು ಇಳಿಸಿಕೊಂಡೇ ಓಡಿಸುತ್ತೇನೆ. ಚಳಿ ಹೊಡೀತದೆ, ಏರಿಸ್ರಿ ಎಂದು ಹೆಂಡತಿ ಗದರಿದರೆ ಏರಿಸುತ್ತೇನೆ. ಅವಳು ಇಳಿದು ಹೋದ ಮೇಲೆ ಮತ್ತೆ ಇಳಿಸುತ್ತೇನೆ.